ಬೆಕ್ಕು ಜೊಲ್ಲು ಸುರಿಸಿದರೆ ಏನು ನೋಡಬೇಕು?
ನಮ್ಮ ಚಿನ್ನು ಮಡಿಲೇರಿ ಗುರುಗುರು ಎನ್ನುತ್ತಾ ಮುಂಗಾಲಲ್ಲಿ ನನ್ನ ಸೀರೆ ನಾದುವಾಗ ಎರಡು ಹನಿ ಜೊಲ್ಲು ಬೀಳುತ್ತದೆ. ಅದು ಸುಮ್ನೆ ಖುಷಿಗೆ. ಕಹಿ ಮಾತ್ರೆ ತಿನ್ನಿಸಿದಾಗ ಬರುವ ನೊರೆಯೂ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.

ಕಳೆದ ಮಳೆಗಾಲದಲ್ಲಿ ಮಾತ್ರ ಗಲ್ಲ ಯಾವಾಗಲೂ ಒದ್ದೆ, ಬಾಯಿ ಗಬ್ಬುನಾತ. ಮೀನಿನ ತಟ್ಟೆ ಮೂಸಿ ಹಿಂದೆ ಸರಿಯುತ್ತಿತ್ತು. ತುಟಿ ಮೆಲ್ಲಗೆ ಎತ್ತಿ ನೋಡಿದೆ. ಹಿಂದಿನ ಹಲ್ಲಿನ ಬುಡದಲ್ಲಿ ಒಸಡು ಕೆಂಪಗೆ ಊದಿತ್ತು. ನೀವೂ ಹೀಗೇ ನೋಡಿ. ಪರಚಲು ಬಂದರೆ ಬಿಟ್ಟುಬಿಡಿ, ಡಾಕ್ಟರೇ ನೋಡಲಿ. ಬಾಯಲ್ಲಿ ದಾರ ಕಂಡರೆ ಎಳೆಯಬೇಡಿ, ಇನ್ನೊಂದು ತುದಿ ಕರುಳಲ್ಲಿ ಸಿಕ್ಕಿರಬಹುದು.

ಲಿಲ್ಲಿ ಗಿಡ ಕಚ್ಚಿದ್ದರೆ, ನಾಯಿಗೆ ಹಚ್ಚುವ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಉಣ್ಣೆ ಹುಳದ ಔಷಧಿ ತಾಗಿದ್ದರೆ ಕಾಯಲೇಬೇಡಿ. ಪ್ಯಾಕೆಟ್ಟನ್ನೂ ಹಿಡಿದುಕೊಂಡು ತಕ್ಷಣ ಓಡಿ. ಜೊಲ್ಲಿನ ಜೊತೆ ಒಂದು ದಿನ ಊಟ ಬಿಟ್ಟರೂ ತೋರಿಸಿ. ಉಪವಾಸ ಬಿದ್ದ ಬೆಕ್ಕಿಗೆ ಲಿವರ್ ಕೆಡುತ್ತದೆ, ದಪ್ಪ ಬೆಕ್ಕಿಗಂತೂ ಅಪಾಯ ಜಾಸ್ತಿ.