ಪೆನ್ಸಿಲ್ ಯಾರ ಕೈಯಲ್ಲಿರಬೇಕು?

ನನ್ನ ಇಬ್ಬರು ಮಕ್ಕಳ ನಡುವೆ ಎಂಟು ವರ್ಷಗಳ ಅಂತರ. ಹೀಗಾಗಿ ಒಂದೇ ಸಂಜೆ ಮಗಳ ಪಕ್ಕದಲ್ಲಿ ಕೂರುವುದೂ ಮಗನ ಕೋಣೆಯೊಳಗೆ ತಲೆ ಹಾಕದಿರುವುದೂ ನನಗೆ ಅಭ್ಯಾಸವಾಗಿದೆ.

ಶಾಲೆಗೆ ಸೇರುವ ಮೊದಲು ಇಬ್ಬರಿಗೂ ಅಕ್ಷರ ತಿದ್ದಿಸಿದ್ದಕ್ಕಿಂತ ಕಥೆ ಓದಿ ಹೇಳಿದ್ದೇ ಹೆಚ್ಚು. ಪುಟ ತಿರುಗಿಸುವ ಮುನ್ನ ‘ಈಗ ಇವನೇನು ಮಾಡಬಹುದು?’ ಎಂದು ಕೇಳಿ ಸುಮ್ಮನಿರುತ್ತಿದ್ದೆ. ಉತ್ತರ ಎಷ್ಟೇ ಅಡ್ಡಾದಿಡ್ಡಿಯಾಗಿರಲಿ, ಅದನ್ನೇ ಹಿಡಿದು ಇನ್ನೊಂದು ಪ್ರಶ್ನೆ.

ಪ್ರಾಥಮಿಕ ತರಗತಿಗಳಲ್ಲಿ ಪಕ್ಕದಲ್ಲಿ ಕೂರಲೇಬೇಕು ಎನ್ನುವವಳು ನಾನು. ಮೊನ್ನೆ ಮಗಳು 52ರಿಂದ 27 ಕಳೆದು 35 ಎಂದು ಬರೆದಿದ್ದಳು. ‘ಹೇಗೆ ಮಾಡಿದೆ, ನನಗೂ ಹೇಳಿಕೊಡು’ ಎಂದೆ. ‘2ರಲ್ಲಿ 7 ಹೋಗುವುದಿಲ್ಲವಲ್ಲ, ಅದಕ್ಕೇ 7ರಲ್ಲಿ 2 ಕಳೆದೆ’ ಎಂದಳು. ಅವಳ ಮಟ್ಟಿಗೆ ಸರಿಯಾದ ತರ್ಕವೇ! ಈ ವಯಸ್ಸಿನ ಎಷ್ಟೋ ಮಕ್ಕಳು ಹೀಗೇ ಕಳೆಯುತ್ತಾರೆ. ಗಮನವಿಲ್ಲ ಎಂದು ಗದರಿದರೆ ತಪ್ಪಿನ ಬೇರು ಸಿಗುವುದೇ ಇಲ್ಲ. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿಟ್ಟು, ಒಂದು ಕಟ್ಟನ್ನು ಬಿಚ್ಚಲು ಹೇಳಿದೆ. 2 ಬಿಡಿ ಕಡ್ಡಿಗಳು 12 ಆದವು. ಉಳಿದದ್ದನ್ನು ಅವಳೇ ಮಾಡಿದಳು. ಪೆನ್ಸಿಲ್ ನನ್ನ ಕೈಗೆ ಬರಬಾರದೆಂಬುದು ನಮ್ಮ ಕರಾರು.

ಆರನೇ ತರಗತಿ ದಾಟಿದವರಿಗೆ ಈ ಪಕ್ಕ ಕೂರುವಿಕೆ ಒಗ್ಗುವುದಿಲ್ಲ. ಸಂಶೋಧಕರಾದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಈ ಹಂತದಲ್ಲಿ ಪೋಷಕರ ಹೋಮ್‌ವರ್ಕ್ ನೆರವಿಗೂ ಮಕ್ಕಳ ಸಾಧನೆಗೂ ಇದ್ದದ್ದು ಋಣಾತ್ಮಕ ನಂಟು: ನೆರವು ಹೆಚ್ಚಿದ್ದಲ್ಲಿ ಸಾಧನೆ ಕಡಿಮೆ. ಓದಿನ ಬೆಲೆ, ಮುಂದಿನ ಗುರಿ, ಕಲಿಯುವ ಉಪಾಯ ಇವುಗಳ ಬಗೆಗಿನ ಮಾತುಕತೆಗೆ ಮಾತ್ರ ಒಳ್ಳೆಯ ಸಾಧನೆಯೊಂದಿಗೆ ಹೆಚ್ಚು ಬಲವಾದ ನಂಟಿತ್ತು. (ತಡವರಿಸುವ ಮಕ್ಕಳಿಗೇ ಹೆಚ್ಚು ನೆರವು ಸಿಗುವುದರಿಂದ, ನೆರವೇ ಕೆಡುಕು ಎಂದು ಇದರಿಂದ ಹೇಳಲಾಗದು.) ನಾನಂತೂ ಮಗನ ಹೋಮ್‌ವರ್ಕ್ ತಪಾಸಣೆಯನ್ನು ಆಗಲೇ ನಿಲ್ಲಿಸಿದೆ. ವಾರದ ಯೋಜನೆಯನ್ನು ಅವನೇ ಬರೆಯುತ್ತಾನೆ. ಯಾವುದು ಹಿಂದೆ ಬಿತ್ತು, ಯಾಕೆ ಎಂದಷ್ಟೇ ಕೇಳುತ್ತೇನೆ. ಪೋಷಕರ ಸಭೆಗೆ ಅವನನ್ನೂ ಕರೆದೊಯ್ಯುತ್ತೇನೆ, ಮೊದಲ ಮಾತು ಅವನದೇ. ಶಿಕ್ಷಕರಿಗೆ ಮೊದಮೊದಲು ಮುಜುಗರವಾಗುತ್ತಿತ್ತು.

ಅವನಿಗೀಗ ವಿಷಯಗಳನ್ನು ಆಯ್ದುಕೊಳ್ಳುವ ವರ್ಷ. ಯಾವ ಕೋರ್ಸಿಗೆ ಯಾವ ವಿಷಯ ಬೇಕು, ಖರ್ಚೆಷ್ಟು ಎಂಬ ಮಾಹಿತಿ ಕಲೆಹಾಕುವುದು ನನ್ನ ಪಾಲಿನ ಕೆಲಸ. ಜೀವಶಾಸ್ತ್ರ ಬೇಡವೆಂದಾಗ ನನಗೆ ಹಿಡಿಸಲಿಲ್ಲ. ಕಾರಣಸಹಿತ ಹೇಳಿಯೂ ಬಿಟ್ಟೆ. ಪೂರ್ತಿ ಕೇಳಿಸಿಕೊಂಡ. ಅರ್ಜಿಯಲ್ಲಿ ಜೀವಶಾಸ್ತ್ರ ಬರೆಯಲಿಲ್ಲ.