ಹಲೆಯಾಕಲಾ ಸೂರ್ಯೋದಯಕ್ಕೆ ಹೊರಡುವ ಮುನ್ನ: ಒಂದು ಡಾಲರಿನ ಮುಂಗಡ ಚೀಟಿಯ ವಿಚಾರ

ಊರಿನಿಂದ ಬಂದ ತಂದೆ-ತಾಯಿಯರನ್ನು ಹವಾಯಿಗೆ ಕರೆದೊಯ್ಯುವ ಕನ್ನಡ ಕುಟುಂಬಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅಲ್ಲಿನ ಮಾವುಯಿ ದ್ವೀಪದಲ್ಲಿ, ಜನ ಸೂರ್ಯೋದಯ ನೋಡಲು ಶಿಖರವೇರುವ ಹಲೆಯಾಕಲಾ ಎಂಬ ಜ್ವಾಲಾಮುಖಿ ಬೆಟ್ಟದ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ನಾನು ಮಾಡಿದ್ದ ತಪ್ಪನ್ನೇ ಕಳೆದ ಒಂದು ವರ್ಷದಲ್ಲಿ ನನ್ನ ಪರಿಚಯದ ಮೂರು ಕುಟುಂಬಗಳು ಮಾಡಿದ್ದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ವಿಮಾನ, ಹೋಟೆಲು, ಬಾಡಿಗೆ ಕಾರುಗಳ ವಿಷಯ ನಿಮಗೆ ಗೊತ್ತೇ ಇರುವುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ.

ನನ್ನ ಬಳಿ ಅಮೆರಿಕದ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಸಲ್ಲುವ ವಾರ್ಷಿಕ ಪಾಸ್ ಇತ್ತು. ಅದೊಂದಿದ್ದರೆ ಸಾಕೆಂದು ನಂಬಿ, ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದ ತಂದೆ-ತಾಯಿಯರನ್ನು ರಾತ್ರಿ ಎರಡೂವರೆಗೆ ಎಬ್ಬಿಸಿ, ಕತ್ತಲಲ್ಲಿ ತಿರುವು ರಸ್ತೆಯನ್ನೇರಿ, ನಾಲ್ಕು ಗಂಟೆಯ ಸುಮಾರಿಗೆ ಉದ್ಯಾನದ ದ್ವಾರ ತಲುಪಿದೆ. ಸಿಬ್ಬಂದಿ ಪಾಸನ್ನು ನೋಡಿ, ಸೂರ್ಯೋದಯದ ಮುಂಗಡ ಚೀಟಿ ಎಲ್ಲಿ ಎಂದು ಕೇಳಿದರು. ಅಂಥದ್ದೊಂದು ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ಅಲ್ಲಿಂದಲೇ ಹಿಂದಿರುಗಬೇಕಾಯಿತು. ಮರುದಿನ ಖಾಸಗಿ ಪ್ರವಾಸದ ವ್ಯಾನಿನಲ್ಲಿ ಮೂವರಿಗೂ ಜಾಗ ಹಿಡಿಯಲು ಆರುನೂರು ಡಾಲರಿಗೂ ಹೆಚ್ಚು ತೆತ್ತೆ. ನನ್ನಲ್ಲಿ ಇಲ್ಲದಿದ್ದ ಆ ಚೀಟಿಯ ಬೆಲೆ ಒಂದು ಡಾಲರು.

ನಿಯಮ ಹೀಗಿದೆ. ಬೆಳಗಿನ ಜಾವ ಮೂರರಿಂದ ಏಳು ಗಂಟೆಯೊಳಗೆ ಶಿಖರದ ಭಾಗವನ್ನು ಪ್ರವೇಶಿಸುವ ಪ್ರತಿಯೊಂದು ಖಾಸಗಿ ವಾಹನಕ್ಕೂ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಮುಂಗಡ ಕಾಯ್ದಿರಿಸಿರಬೇಕು. ಇದು 2017ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಉದ್ಯಾನದ ಪ್ರವೇಶ ಶುಲ್ಕವಾದ 30 ಡಾಲರು ಇದರಲ್ಲಿ ಸೇರಿಲ್ಲ. ಅದನ್ನು ಬೇರೆಯಾಗಿ, ಕಾರ್ಡಿನಲ್ಲಿಯೇ ಕೊಡಬೇಕು. ವಾರ್ಷಿಕ ಪಾಸ್ ಆ 30 ಡಾಲರನ್ನು ಉಳಿಸುತ್ತದೆಯೇ ಹೊರತು ಒಂದು ಡಾಲರಿನ ಚೀಟಿಗೆ ಬದಲಾಗುವುದಿಲ್ಲ. ಚೀಟಿ ಯಾರ ಹೆಸರಿನಲ್ಲಿದೆಯೋ ಅವರೇ ಭಾವಚಿತ್ರವಿರುವ ಗುರುತಿನ ಚೀಟಿಯೊಂದಿಗೆ ವಾಹನದಲ್ಲಿರಬೇಕು. ಒಂದು ಕುಟುಂಬದಲ್ಲಿ ಅಳಿಯ ಕಾಯ್ದಿರಿಸಿದ್ದ. ಆ ರಾತ್ರಿ ಅವನಿಗೆ ಜ್ವರ ಬಂದದ್ದರಿಂದ ಮಗಳು ಅಪ್ಪ-ಅಮ್ಮನನ್ನು ಕರೆದುಕೊಂಡು ಹೋದಳು, ಅವರನ್ನೂ ಹಿಂದಕ್ಕೆ ಕಳುಹಿಸಿದರು. ಆದ್ದರಿಂದ ಹೋಗುವುದು ಖಚಿತವಿರುವವರ ಹೆಸರಿನಲ್ಲಿಯೇ ಕಾಯ್ದಿರಿಸಿ.

ಚೀಟಿಗಳು 60 ದಿನ ಮೊದಲು, ಹವಾಯಿಯ ಬೆಳಗ್ಗೆ ಏಳು ಗಂಟೆಗೆ ಬಿಡುಗಡೆಯಾಗುತ್ತವೆ. ಉಳಿಸಿಟ್ಟ ಕೆಲವು ಚೀಟಿಗಳನ್ನು ಎರಡು ದಿನ ಮೊದಲು ಅದೇ ಹೊತ್ತಿಗೆ ಬಿಡುತ್ತಾರೆ. ಹೆಚ್ಚಿನವರು ಎಡವುವುದು ಈ ಗಂಟೆಯ ಲೆಕ್ಕದಲ್ಲಿ. ಹವಾಯಿಯವರು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ತಿರುಗಿಸುವುದಿಲ್ಲ. ಹಾಗಾಗಿ ಅವರ ಏಳು ಗಂಟೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಗೆ ಹತ್ತು, ಚಳಿಗಾಲಕ್ಕೆ ಒಂಬತ್ತು. ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಮಧ್ಯಾಹ್ನ ಒಂದು, ಚಳಿಗಾಲಕ್ಕೆ ಹನ್ನೆರಡು. ಬೆಂಗಳೂರಿನಲ್ಲಿ ವರ್ಷವಿಡೀ ರಾತ್ರಿ ಹತ್ತೂವರೆ. ತಮ್ಮ ಊರಿನ ಏಳು ಗಂಟೆಗೆ ಕಾದು ಕುಳಿತು, ಏನೂ ಕಾಣದೆ ಎದ್ದುಹೋದವರನ್ನು ನಾನು ಬಲ್ಲೆ.

ಬಾಗಿಲಲ್ಲಿ ಬೇಡಿಕೊಂಡು ಪ್ರಯೋಜನವಿಲ್ಲ. ವಯಸ್ಸಾದವರಿದ್ದಾರೆ, ನಾಳೆ ವಿಮಾನವಿದೆ ಎಂದರೂ ಬಿಡುವುದಿಲ್ಲ. ಅಂದು ನನಗೆ ಇದು ಕಲ್ಲು ಮನಸ್ಸೆನಿಸಿತ್ತು. ಈಗ ಸರಿಯೆಂದೇ ಹೇಳುತ್ತೇನೆ. ಸುಮಾರು 150 ವಾಹನಗಳಿಗೆ ಜಾಗವಿರುವ ಶಿಖರಕ್ಕೆ ಮೊದಲು 300ಕ್ಕೂ ಹೆಚ್ಚು ವಾಹನಗಳು ಬರುತ್ತಿದ್ದವು, ಜನ ದಾರಿ ಬಿಟ್ಟು ಗಿಡಗಳ ಮೇಲೆ ನಿಲ್ಲುತ್ತಿದ್ದರು. ಅಲ್ಲಿನ ಆಹಿನಹಿನಾ ಎಂಬ ಬೆಳ್ಳಿಬಣ್ಣದ ಗಿಡ ದಶಕಗಳ ಕಾಲ ಬೆಳೆದು, ಒಂದೇ ಬಾರಿ ಹೂ ಬಿಟ್ಟು ಸಾಯುತ್ತದೆ. ಅದರ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಪಕ್ಕದಲ್ಲಿ ಕಾಲಿಟ್ಟರೂ ಪೆಟ್ಟಾಗುತ್ತದೆ. ನಮ್ಮ ಕುಮಾರ ಪರ್ವತಕ್ಕೆ 2024ರ ಜನವರಿಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದ ಮೇಲಷ್ಟೇ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ವ್ಯವಸ್ಥೆಯತ್ತ ಹೊರಳಿತು. ಸಂಖ್ಯೆಯನ್ನು ಮೊದಲೇ ಕಟ್ಟಿಡುವ ವಿಷಯದಲ್ಲಿ ಅಮೆರಿಕದ ಪದ್ಧತಿ ಮೇಲು. ಆದರೆ ಬಂಡೀಪುರ, ನಾಗರಹೊಳೆಗಳ ಸಫಾರಿಗೆ ಸ್ವಂತ ಕಾರನ್ನು ಬಿಡದೆ ಇಲಾಖೆಯ ವಾಹನದಲ್ಲಿ ಕರೆದೊಯ್ಯುವ ನಮ್ಮ ಕ್ರಮ ಪ್ರಾಣಿಗಳಿಗೆ ಹೆಚ್ಚು ಕ್ಷೇಮಕರವೆಂದು ನನ್ನ ದೃಢ ಅಭಿಪ್ರಾಯ.

ಏಕೆಂದರೆ ಹಲೆಯಾಕಲಾದಲ್ಲಿ ನೇನೇ ಎಂಬ ಅಪರೂಪದ ಹೆಬ್ಬಾತು ಕಾರುಗಳಿಗೆ ಸಿಕ್ಕಿ ಸಾಯುತ್ತದೆ. ಮಾವುಯಿಯಲ್ಲಿ ಇದು ಪೂರ್ತಿ ಅಳಿದುಹೋಗಿತ್ತು. 1962ರಲ್ಲಿ ಸಾಕಿ ಬೆಳೆಸಿದ ಹಕ್ಕಿಗಳನ್ನು ಸ್ಕೌಟ್ ಬಾಲಕರು ಬೆನ್ನ ಮೇಲೆ ಹೊತ್ತು ಕಣಿವೆಗಿಳಿಸಿ, ಮತ್ತೆ ನೆಲೆಗೊಳಿಸಿದರು. ಹಕ್ಕಿಗೆ ಕಾಳು ಹಾಕುವುದು ಪುಣ್ಯವೆಂದು ಬೆಳೆದ ನಮ್ಮ ಹಿರಿಯರು ಚಪಾತಿ ಚೂರು ಹಾಕಲು ಕೈ ಚಾಚುತ್ತಾರೆ. ದಯವಿಟ್ಟು ತಡೆಯಿರಿ. ತಿನಿಸಿನ ರುಚಿ ಕಂಡ ಹಕ್ಕಿ ಮರುದಿನ ಕಾರಿನ ಬಳಿಗೇ ಬರುತ್ತದೆ. ಜೊತೆಗೆ ಅದು ಕಾನೂನಿನ ಉಲ್ಲಂಘನೆ ಕೂಡ. ಅಲ್ಲಿಂದ ಕಲ್ಲನ್ನು ತರುವುದೂ ಅಪರಾಧವೇ. ಮೂಲನಿವಾಸಿಗಳಿಗೆ ಆ ಬೆಟ್ಟ ಪವಿತ್ರ ಸ್ಥಳ.

ಶಿಖರ 10,023 ಅಡಿ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಸಮುದ್ರ ಮಟ್ಟದಿಂದ ಒಂದೂವರೆ-ಎರಡು ಗಂಟೆಗಳಲ್ಲಿ ಅಷ್ಟು ಎತ್ತರಕ್ಕೇರಿದಾಗ ಹೃದಯ, ಶ್ವಾಸಕೋಶಗಳ ತೊಂದರೆಯಿರುವ ಹಿರಿಯರಿಗೆ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಕರೆದೊಯ್ಯಬೇಡಿ. ಕೆಳಗೆ ಬೆವರು ಹರಿಯುತ್ತಿದ್ದರೂ ಮೇಲೆ ನೀರು ಹೆಪ್ಪುಗಟ್ಟುವ ಚಳಿಯಿರಬಹುದು. ಶಾಲು ಸಾಲದು, ಉಣ್ಣೆಯ ಟೋಪಿ, ದಪ್ಪ ಜಾಕೆಟ್ಟು ಬೇಕು. ಒಳಗೆ ಊಟವೂ ಇಲ್ಲ, ಪೆಟ್ರೋಲೂ ಸಿಗುವುದಿಲ್ಲ.

ಚೀಟಿ ಸಿಗದಿದ್ದರೆ ಸೂರ್ಯಾಸ್ತಕ್ಕೆ ಹೋಗಿ. ಅದಕ್ಕೆ ಮುಂಗಡ ಬೇಕಿಲ್ಲ. ಹಿರಿಯರ ನಿದ್ದೆಯೂ ಕೆಡುವುದಿಲ್ಲ, ಏರುವಾಗ ಬೆಳಕಿರುವುದರಿಂದ ಕಣಿವೆಯೊಳಗಿನ ಕೆಂಪು-ಕಪ್ಪು ಬೂದಿಗುಡ್ಡಗಳೆಲ್ಲ ಕಾಣುತ್ತವೆ. ಎರಡನ್ನೂ ನೋಡಿದ ನನಗೆ ಸಂಜೆಯೇ ಮಿಗಿಲೆನಿಸಿದೆ. ಪ್ರವೇಶದ ರಸೀದಿಯನ್ನು ಎಸೆಯಬೇಡಿ: ಅದು ಮೂರು ದಿನ ಸಲ್ಲುತ್ತದೆ, ಹಾನಾ ಊರಿನಾಚೆ ಕಡಲಂಚಿನಲ್ಲಿರುವ ಇದೇ ಉದ್ಯಾನದ ಕೀಪಹುಲು ಭಾಗಕ್ಕೂ ನಡೆಯುತ್ತದೆ. ಆದರೆ ಶಿಖರದಿಂದ ಅಲ್ಲಿಗೆ ಉದ್ಯಾನದೊಳಗೆ ರಸ್ತೆಯಿಲ್ಲದ ಕಾರಣ ಕೆಳಗಿಳಿದು ಸುತ್ತಿಯೇ ಹೋಗಬೇಕು; ಅದಕ್ಕೆಂದೇ ಇನ್ನೊಂದು ಇಡೀ ದಿನವನ್ನು ಬಿಟ್ಟುಕೊಳ್ಳಿ.