ಡ್ಯಾಕ್ ಕಟ್ಟಿದೆ, ಗಡಿಯಾರ ಕಲಿಸಿತು

ಕಂಪ್ಯೂಟರಿನ ಅಂಕಿಗಳನ್ನು ಸಂಗೀತದ ವಿದ್ಯುತ್ ಅಲೆಯಾಗಿಸುವ ಡ್ಯಾಕ್ ಕಟ್ಟಲು ಕುಳಿತಾಗ ನಾನು ಮೊದಲು ದುಡ್ಡು ಸುರಿದದ್ದೇ ತಪ್ಪು ಜಾಗಕ್ಕೆ. ಬಿಸಿಲು, ಚಳಿಗೆ ಜಗ್ಗದ, 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು) ನಿಖರತೆಯ 22.5792 ಮೆಗಾಹರ್ಟ್ಸ್ ಟಿಸಿಎಕ್ಸ್‌ಒ ತರಿಸಿದೆ. ಚಿಪ್ಪಿಗೆ ಮಿಡಿತ ಕೊಡುವ ಆಸಿಲೇಟರ್, ಅಂದರೆ ಗಡಿಯಾರ, ಅದು. ಸಾಧಾರಣ ಆಸಿಲೇಟರ್ 50 ಪಿಪಿಎಂ ತಪ್ಪಿದರೂ ಒಂದು ಗಂಟೆಯ ಕಛೇರಿ 0.18 ಸೆಕೆಂಡ್ ಹಿಂದೆಮುಂದೆ ಮುಗಿಯುತ್ತದೆ, ಅಷ್ಟೆ. ಪಕ್ಕಪಕ್ಕದ ಸ್ವರಸ್ಥಾನಗಳ ಅಂತರದ ನೂರನೇ ಪಾಲು ಒಂದು ಸೆಂಟ್. ಶ್ರುತಿ ಒಂದು ಸೆಂಟ್‌ನ ಹತ್ತನೇ ಒಂದು ಭಾಗದಷ್ಟೂ ಜಾರುವುದಿಲ್ಲ. ತಂಬೂರಿಯನ್ನು ಅಷ್ಟು ನಯವಾಗಿ ಯಾರೂ ಮೀಟಿ ಕೂಡಿಸಲಾರರು. ಈ ಲೆಕ್ಕವನ್ನು ದುಡ್ಡು ಕೊಡುವ ಮುನ್ನ ಮಾಡಬೇಕಿತ್ತು.

ಮೊದಲ ಜೋಡಣೆಯಲ್ಲಿ ಅಂಗೈಯಗಲದ ಬೋರ್ಡ್ ಕಂಪ್ಯೂಟರ್, ಅದರಿಂದ ಸಂಗೀತದ ಬಿಟ್‌ಗಳನ್ನು ಒಯ್ಯುವ ಐ2ಎಸ್ ತಂತಿಗಳು, ತುದಿಗೆ ಪಿಸಿಎಂ5102ಎ ಡ್ಯಾಕ್ ಚಿಪ್. ಒಂದೊಂದು ಬಿಟ್‌ಗೂ ಮಿಡಿಯುವ ಬಿಟ್ ಕ್ಲಾಕ್ ಕಂಪ್ಯೂಟರ್‌ನದೇ. ನಾನು ಹೊಂದಿಸಿದ ರೀತಿಯಲ್ಲಿ ಅದು 19.2 ಮೆಗಾಹರ್ಟ್ಸ್ ಸ್ಫಟಿಕದಿಂದ ಹುಟ್ಟುತ್ತಿತ್ತು. ಸೆಕೆಂಡಿಗೆ 44,100 ಮಾದರಿಗಳ (44.1 ಕಿಲೋಹರ್ಟ್ಸ್) ಸಂಗೀತಕ್ಕೆ ಬೇಕಾದದ್ದು ಅದರ 64 ಪಟ್ಟು, 2.8224 ಮೆಗಾಹರ್ಟ್ಸ್. ಭಾಗಿಸಿದರೆ 6.8 ಚಿಲ್ಲರೆ. ಹಾಗಾಗಿ ಭಾಜಕ ಹೆಚ್ಚಿನ ಸಲ ಏಳು, ನಡುನಡುವೆ ಆರು ಎಣಿಸಿ ಸರಾಸರಿಯನ್ನು ಸರಿದೂಗಿಸುತ್ತದೆ. ಹೆಜ್ಜೆಗಳು ಮಾತ್ರ 52 ನ್ಯಾನೊಸೆಕೆಂಡ್ ಎಡವುತ್ತವೆ. ಸಮಕ್ಕೆ ಸರಿಯಾಗಿ ಬಂದು, ನಡುವಿನ ಅಕ್ಷರಗಳನ್ನೆಲ್ಲ ಓರೆಯಾಗಿ ಹಾಕುವ ತಾಳದಂತೆ. ಚಿಪ್‌ನೊಳಗಿನ ಪಿಎಲ್‌ಎಲ್ ಎಂಬ, ಬಂದ ಮಿಡಿತವನ್ನು ಹಿಂಬಾಲಿಸುವ ಮಂಡಲ ಈ ಒರಟನ್ನು ಸವರುತ್ತದೆ, ಪೂರ್ತಿಯಾಗಿ ಅಲ್ಲ.

ಟಿಸಿಎಕ್ಸ್‌ಒವನ್ನು ಚಿಪ್‌ನ ಸಿಸ್ಟಂ ಕ್ಲಾಕ್ ಕಾಲಿಗೆ ಬೆಸೆದೆ. ಸಂಗೀತದ ನಡುವೆ ಆಗಾಗ ಟಕ್, ಟಕ್. ದತ್ತಾಂಶ ಒಂದು ಗಡಿಯಾರದ್ದು, ಚಿಪ್ ಇನ್ನೊಂದರದ್ದು. ಇಬ್ಬರು ಯಜಮಾನರ ಮನೆ. ಸ್ವಲ್ಪ ಜಾರಿದಾಗಲೆಲ್ಲ ಚಿಪ್ ಮೌನಕ್ಕೆ ಹೋಗಿ ಮತ್ತೆ ಹೊಂದಿಕೊಳ್ಳುತ್ತಿತ್ತು.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಪಿಸಿಎಂ5122 ಚಿಪ್‌ಗೆ ಒಂದು ಸೆಂಟಿಮೀಟರ್ ದೂರದಲ್ಲಿ ಮಿಡಿತ ಕಡಿಮೆ ನಡುಗುವ (ಫೇಸ್ ನಾಯ್ಸ್ ಕಡಿಮೆಯ), ಅಗ್ಗದ ಎರಡು ಆಸಿಲೇಟರ್‌ಗಳು: 44.1ರ ಕುಟುಂಬಕ್ಕೆ 22.5792, 48ರ ಕುಟುಂಬಕ್ಕೆ 24.576 ಮೆಗಾಹರ್ಟ್ಸ್. ಎರಡೂ ತಮ್ಮ ಮಾದರಿ ದರದ ಸರಿಯಾಗಿ 512 ಪಟ್ಟು. ಈಗ ಡ್ಯಾಕ್ ಯಜಮಾನ. ಅದು ಕೇಳಿದಾಗ ಕಂಪ್ಯೂಟರ್ ಬಿಟ್‌ಗಳನ್ನು ಒಪ್ಪಿಸುತ್ತದೆ.

11,025 ಹರ್ಟ್ಸ್ ಸ್ವರ ನುಡಿಸಿ ರೋಹಿತವನ್ನು (ಯಾವ ಆವರ್ತನದಲ್ಲಿ ಎಷ್ಟು ಸದ್ದು ಎಂಬ ಚಿತ್ರ) ನೋಡಿದೆ. ಹಳೆಯ ಹರಡಿದ ಬುಡ ಕಿರಿದಾಗಿತ್ತು, ಆದರೆ ಎರಡೂ ಬದಿಗೆ ಸರಿಯಾಗಿ 100 ಹರ್ಟ್ಸ್ ಅಂತರದಲ್ಲಿ ಎರಡು ಮುಳ್ಳು, ಸ್ವರಕ್ಕಿಂತ 89 ಡೆಸಿಬಲ್ ಕೆಳಗೆ. ಈ ಆವರ್ತನದಲ್ಲಿ ಅದರರ್ಥ ಶಿಖರದಲ್ಲಿ 1 ನ್ಯಾನೊಸೆಕೆಂಡ್ ಜಿಟ್ಟರ್, ಅಂದರೆ ಮಿಡಿತದ ನಡುಕ. 20 ಕಿಲೋಹರ್ಟ್ಸ್‌ನಲ್ಲಿ 16 ಬಿಟ್‌ಗೆ ಮರ್ಯಾದೆ ಉಳಿಯಬೇಕಾದರೆ 100 ಪಿಕೊಸೆಕೆಂಡ್ ಆಸುಪಾಸಿಗೆ ಇಳಿಯಬೇಕು. 100 ಎಂದ ಕೂಡಲೇ ಕಳ್ಳ ಸಿಕ್ಕಿದ: ನಮ್ಮ 50 ಹರ್ಟ್ಸ್ ವಿದ್ಯುತ್ತು ರೆಕ್ಟಿಫೈಯರ್ ದಾಟಿದಾಗ ಉಳಿಯುವ ಏರಿಳಿತ. ಆಸಿಲೇಟರ್‌ಗಳಿಗೂ ಆಂಪ್ಲಿಫೈಯರ್‌ಗೂ ಒಂದೇ ರೆಗ್ಯುಲೇಟರ್‌ನಿಂದ ಕೊಟ್ಟಿದ್ದೆ, ಜಿಪುಣತನದಿಂದ. ಬೇರೆಯ ಕಡಿಮೆ ಗದ್ದಲದ ಎಲ್‌ಡಿಒ ರೆಗ್ಯುಲೇಟರ್, ಆಸಿಲೇಟರ್‌ಗಳ ಕಾಲಿನ ಬುಡದಲ್ಲೇ ಒಂದು ಕೆಪ್ಯಾಸಿಟರ್ ಹಾಕಿದೆ. ಮುಳ್ಳುಗಳು ಅಳೆಯುವ ಸೌಂಡ್ ಕಾರ್ಡ್‌ನ ಗದ್ದಲದಲ್ಲಿ ಮುಳುಗಿದವು. ಆ ಕಾರ್ಡಿಗೂ ಒಂದು ಗಡಿಯಾರವಿದೆ ಎಂಬುದು ಬೇರೆ ಮಾತು.

ಕಿವಿಯ ವಿಷಯ? ಗೆಳೆಯ ಹೇಳದೆ ಹಳೆಯದು, ಹೊಸದು ಬದಲಾಯಿಸಿದ. ಹತ್ತಕ್ಕೆ ಆರು ಸಲ ಸರಿ ಹೇಳಿದೆ. ನಾಣ್ಯವೂ ಅಷ್ಟು ಹೇಳುತ್ತದೆ. ಟಿಸಿಎಕ್ಸ್‌ಒ ಈಗ ಗೋಡೆಯ ಮೇಲಿದೆ: 2,25,79,200 ಎಣಿಸಿ ಒಂದು ಸೆಕೆಂಡ್ ಮುಂದೆ ಹೋಗುವ ಗಡಿಯಾರದೊಳಗೆ. ವರ್ಷಕ್ಕೆ ಅರ್ಧ ನಿಮಿಷ ತಪ್ಪಿದರೆ ಹೆಚ್ಚು.